ಸಾರಾಳನ್ನು ಯಾರು ಕೇಳಿದರು

ಅಬ್ಬಾಸಿಯಾದ ನಮ್ಮ ಫ್ಲ್ಯಾಟಿನಲ್ಲಿ ಹೊಸದಾಗಿ ಕೊಂಡದ್ದೆಂದರೆ ಹಾಸಿಗೆ, ಮಿಕ್ಸಿ ಅಷ್ಟೇ. ಉಳಿದದ್ದೆಲ್ಲ ಕುವೈತ್ ಬಿಟ್ಟು ಹೋದವರು ಮಾರಿದ್ದು. ಸೋಫಾದ ಜೊತೆ ಒಂದು ಚಿತ್ರವೂ ಪುಕ್ಕಟೆಯಾಗಿ ಬಂದಿತ್ತು. ನೂರಾರು ವರ್ಷಗಳ ಹಿಂದೆ ಯುರೋಪಿನಲ್ಲಿ ಯಾರೋ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ್ದರ ನಕಲು. ದೇವರ ಮಾತು ಕೇಳಿ ಅಬ್ರಹಾಮ ಕಾನಾನಿಗೆ ಹೊರಟಿದ್ದಾನೆ. ಸುತ್ತ ಕುರಿ, ಒಂಟೆ, ಗಂಟುಮೂಟೆ. ಹಿಂದೆ ಕತ್ತೆಯ ಮೇಲೆ ಹೆಂಡತಿ ಸಾರಾ, ಮಡಿಲಲ್ಲೊಂದು ಪಾತ್ರೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುವಾಗ ದಿನಾ ಅವಳ ಮುಖವೇ ನನಗೆ ಎದುರು. ದಣಿದ ಮುಖ.

ಈ ವರ್ಷ ನಮ್ಮವರಿಗೆ ಕೆನಡಾಕ್ಕೆ ಹೋಗಿ ನೆಲೆಸಲು ಪೇಪರ್ ಬಂತು. ನಮ್ಮೂರು ಶಿರ್ವದಿಂದ ಮುಂಬಯಿ, ಮುಂಬಯಿಯಿಂದ ಕುವೈತ್, ಈಗ ಇದು. ಮೊದಲೆರಡು ಸಲ ನಾನು ತುಟಿಪಿಟಕ್ಕೆನ್ನದೆ ಗಂಟು ಕಟ್ಟಿದ್ದೆ. ಹೋದಲ್ಲೆಲ್ಲ ಹೊಸದಾಗಿ ಒಲೆ ಹೂಡುವವಳು ನಾನೇ ತಾನೇ.

"ಅಬ್ರಹಾಮ ಎಪ್ಪತ್ತೈದಕ್ಕೆ ಹೊರಟ ಮಾರಾಯ್ತಿ. ನಮಗೆಂತ ಪ್ರಾಯ ಆದದ್ದು?" ಎಂದರು ನಮ್ಮವರು.

"ದೇವರು ಮಾತಾಡಿದ್ದು ಅವನ ಹತ್ರ. ಸಾರಾಳನ್ನು ಯಾರು ಕೇಳಿದ್ದು?"

ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಆದರೂ ಪಾತ್ರೆ ತೊಳೆಯಲು ಹೋದೆ.

ಶುಕ್ರವಾರ, ನಮ್ಮವರು ಮಾರಲಿಟ್ಟ ಸೋಫಾ ನೋಡಲು ಒಂದು ಜೋಡಿ ಬಂತು. ಹುಡುಗಿ ಊರಿನಿಂದ ಬಂದು ತಿಂಗಳಾಗಿರಲಿಲ್ಲ, ಬಸುರಿ ಬೇರೆ. ಅವಳ ಗಂಡ ಸೋಫಾವನ್ನು ಅಲ್ಲಲ್ಲಿ ಒತ್ತಿ ನೋಡುತ್ತಿದ್ದ. ಅವಳು ಚಿತ್ರದ ಮುಂದೆ ನಿಂತಳು.

"ಇದನ್ನೂ ಕೊಡ್ತೀರಾ ಆಂಟಿ?"

"ಸೋಫಾ ತಕೊಂಡವರಿಗೆ ಫ್ರೀ. ಹೋಗುವವರಿಗೆ ಯಾರಿಗೂ ಅದು ಬೇಡ."

ಅವಳು ಇನ್ನೂ ಹತ್ತಿರ ಹೋಗಿ ನೋಡಿದಳು. "ಪಾಪ, ಈ ಅಜ್ಜಿಗೆ ಹೋಗ್ಲಿಕ್ಕೆ ಮನಸ್ಸೇ ಇಲ್ಲ."

ಅವಳಿಗೆಂದು ತಂದ ಚಹಾ ನನ್ನ ಕೈಯಲ್ಲೇ ಇತ್ತು. ಅದನ್ನು ಅವಳಿಗೆ ಕೊಟ್ಟು, ಸೋಫಾ ಮಾರುವುದಿಲ್ಲ ಎಂದೆ. ಆಮೇಲೆ ನಮ್ಮವರ ಕಡೆ ತಿರುಗಿದೆ.

"ನಾನು ಬರುವುದಿಲ್ಲ. ನನಗೆ ಸಾಕಾಗಿದೆ."

ಪರರ ಎದುರು ಹಾಗೆ ಮಾತಾಡಿದವಳಲ್ಲ ನಾನು. ಆ ಜೋಡಿ ಅವಸರದಲ್ಲಿ ಚಹಾ ಕುಡಿದು ಹೊರಟಿತು. ನಮ್ಮವರು ಬಾಗಿಲು ಹಾಕಿ ಬಂದು ಸೋಫಾದಲ್ಲಿ ಕುಳಿತರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

"ಮತ್ತೆ ನಿನಗೆ ಎಲ್ಲಿ ಇರಬೇಕು? ಹೇಳು," ಎಂದರು ಮೆಲ್ಲಗೆ.

ಶಿರ್ವ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ಇಲ್ಲೇ ಎನ್ನಲೂ ಆಗಲಿಲ್ಲ. ಮದುವೆಯಾದಂದಿನಿಂದ ಆ ಪ್ರಶ್ನೆಗಾಗಿ ಕಾದಿದ್ದೆ. ಉತ್ತರ ಯೋಚಿಸಿಟ್ಟಿರಲಿಲ್ಲ.