ಸಮುದ್ರದ ಗುಡಿಯ ಮುಂದೆ ಬಿಟ್ಟ ಚಪ್ಪಲಿ

ಆ ಶನಿವಾರ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದೆ. ಹೋಟೆಲಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಮನೆಯಿಂದ ಒಯ್ದಿದ್ದ ಪುಡಿ ಹಾಕಿ ಎರಡು ಕಪ್ ಚಹಾ ಮಾಡಿದೆ. ಹಿಂದಿನ ದಿನದ ಕಾಲುಚೀಲ ಒಗೆದು ಬಾಲ್ಕನಿಯ ಕಂಬಿಗೆ ಹರವಿದೆ. ನಮ್ಮ ಮನೆಯವರ ಬಿಪಿ ಮಾತ್ರೆ, ನನ್ನ ಥೈರಾಯ್ಡ್ ಮಾತ್ರೆ ತೆಗೆದಿಟ್ಟೆ. ಅವಲಕ್ಕಿ ತೋಯಿಸಿ, ಮೊಸರು, ಶೇಂಗಾ ಚಟ್ನಿಪುಡಿ ಕಲಸಿ ಇಬ್ಬರೂ ತಿಂದೆವು. ಮೆಲ್ಬರ್ನ್‌ನಲ್ಲಿದ್ದ ಮಗಳಿಗೆ ‘ಹೊರಟೆವು’ ಎಂದು ಮೆಸೇಜ್ ಹಾಕಿದೆ. ಡೈರಿಯಲ್ಲಿ ‘ಅರ್ಧ ದಿನ, ಸಮುದ್ರದ ದಂಡೆಯ ಗುಡಿ’ ಎಂದು ಬರೆದೆ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಆ ದಿನ ನನ್ನ ತಲೆ ನೆಟ್ಟಗಿತ್ತು. ಜ್ವರ ಇರಲಿಲ್ಲ, ಹೊಟ್ಟೆ ಕೆಟ್ಟಿರಲಿಲ್ಲ. ನಿದ್ದೆ ಎಂದಿನಷ್ಟೇ ಆಗಿತ್ತು, ಅಂದರೆ ಎರಡು ವರ್ಷದಿಂದ ಆಗುತ್ತಿದ್ದಷ್ಟು, ಕಡಿಮೆ.

ನಾನು ಇಂಥ ಸಂಗತಿಗಳನ್ನು ನಂಬುವವಳಲ್ಲ. ಮೆಲ್ಬರ್ನ್ ಹೊರವಲಯದ ನಮ್ಮ ಕ್ರೇಗಿಬರ್ನ್‌ನಲ್ಲಿ ಕನ್ನಡದ ಹೆಂಗಸರು ಯುಗಾದಿಗೋ ದಸರೆಗೋ ಸೇರಿದಾಗ ಯಾರಾದರೂ ಒಬ್ಬರು ದೆವ್ವದ್ದೋ ಕನಸಿನದೋ ಕಥೆ ತೆಗೆಯುತ್ತಾರೆ. ನಾನು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಅವತ್ತು ಏನು ಊಟ ಮಾಡಿದ್ರಿ?” ಎಲ್ಲರೂ ನಗುತ್ತಿದ್ದರು, ಕಥೆ ಹೇಳಿದವರು ಮುನಿಸಿಕೊಳ್ಳುತ್ತಿದ್ದರು. ನನ್ನ ಕೆಲಸ ರಕ್ತಪರೀಕ್ಷೆಯ ಕೇಂದ್ರದಲ್ಲಿ. ಬಂದವರ ಹೆಸರು, ಹುಟ್ಟಿದ ದಿನ ಕೇಳಿ, ರಕ್ತ ತೆಗೆದು, ಟ್ಯೂಬಿನ ಲೇಬಲ್ ಎರಡು ಸಲ ನೋಡುತ್ತೇನೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಲೇಬಲ್ಲೂ ಅದಲುಬದಲಾಗಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯುವುದು ನನಗೆ ರೂಢಿ. ಇದನ್ನೂ ಹಾಗೆಯೇ ಬರೆಯುತ್ತೇನೆ.

ಮೊದಲು ನನ್ನ ತಂಗಿ ವನಜಾಳ ವಿಷಯ. ಅವಳು ಸಿಡ್ನಿಯಲ್ಲಿ, ಸ್ಕೋಫೀಲ್ಡ್ಸ್‌ನಲ್ಲಿದ್ದಾಳೆ. ನಮ್ಮ ಅವ್ವ ಧಾರವಾಡದಿಂದ ಬಂದ ಮೇಲೆ ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಅವಳಲ್ಲಿ ಇರುತ್ತಿದ್ದಳು. ಅವಳಲ್ಲಿದ್ದಾಗ ಒಂದು ದಿನ ಬೆಳಿಗ್ಗೆ ವನಜಾ ಫೋನ್ ಮಾಡಿ, ಅವ್ವನಿಗೆ ಉಸಿರು ಕಟ್ಟಿದ ಹಾಗಾಗುತ್ತಿದೆ, ಬಾ ಎಂದಳು. ನನ್ನ ಶಿಫ್ಟ್‌ಗೆ ಬದಲಿ ಯಾರೂ ಇರಲಿಲ್ಲ. ನಾಳೆ ಬೆಳಗಿನ ಫ್ಲೈಟ್ ಬುಕ್ ಮಾಡುತ್ತೇನೆ ಎಂದೆ. ಸಂಜೆಗೆ ಅವ್ವ ಹೋಗಿಬಿಟ್ಟಳು. ಮರುದಿನ ಬಾಗಿಲಲ್ಲೇ ವನಜಾ ಹೇಳಿದ್ದು ಒಂದೇ ಮಾತು: “ಬಾಗಲಾ ನೋಡಕೋತನ ಹ್ವಾದ್ಲು ಅಕ್ಕಾ, ನೀ ಬರತಿ ಅಂತ.” ನಾನೂ ಸುಮ್ಮನಿರಲಿಲ್ಲ. “ಇಷ್ಟ್ ಸೀರಿಯಸ್ ಅಂತ ನೀ ಬಾಯಿ ಬಿಟ್ಟ್ ಹೇಳಬೇಕಿತ್ತು” ಎಂದೆ. ಅಲ್ಲಿಗೆ ಮಾತು ನಿಂತಿತು. ಆಮೇಲೆ ಎರಡು ವರ್ಷ ಹಬ್ಬದ ದಿನ ಒಂದು ಹೂವಿನ ಚಿತ್ರ ಅವಳು ಕಳಿಸುವುದು, ಒಂದು ಕೈಮುಗಿದ ಚಿತ್ರ ನಾನು ಕಳಿಸುವುದು, ಅಷ್ಟೇ. ನಾನು ಹಿರಿಯಳು, ಅವಳೇ ಮೊದಲು ಫೋನ್ ಮಾಡಲಿ ಎಂಬುದು ನನ್ನ ಹಟ. ರಾತ್ರಿ ಕಣ್ಣು ಮುಚ್ಚಿದರೆ ಮಾತ್ರ ಅವ್ವ ಬಾಗಿಲು ನೋಡುತ್ತಿರುತ್ತಿದ್ದಳು.

ಮದುವೆಯ ಮೂವತ್ತನೇ ವರ್ಷಕ್ಕೆ ಮಗಳು ನಮ್ಮಿಬ್ಬರನ್ನು ಗ್ರೀಸ್‌ಗೆ ಕಳಿಸಿದ್ದಳು. ಈಗ ಮೂರು ವರ್ಷವಾಯಿತು. ಅಥೆನ್ಸ್‌ನಿಂದ ಕಡಲ ದಂಡೆಗುಂಟ ಹೋಗಿ ಸಮುದ್ರದೇವರ ಹಳೆಯ ಗುಡಿ ನೋಡಿಕೊಂಡು ಮಧ್ಯಾಹ್ನಕ್ಕೆ ವಾಪಸ್ ಬರುವ ಅರ್ಧ ದಿನದ ಪ್ರವಾಸವನ್ನೂ ಅವಳೇ ಬುಕ್ ಮಾಡಿದ್ದಳು. ನಮಗಿಬ್ಬರಿಗೇ ಒಂದು ಕಾರು. ಡ್ರೈವರ್ ಯಾನಿಸ್ ಎಂಬ ಬಕ್ಕತಲೆಯ ಮನುಷ್ಯ. ಮೆಲ್ಬರ್ನ್‌ನವರು ಎಂದದ್ದೇ ತಡ, ಸ್ಟಿಯರಿಂಗ್ ಮೇಲಿನ ಎರಡೂ ಕೈ ಎತ್ತಿ, “ಮೈ ಅಂಕಲ್! ಓಕ್ಲಿ!” ಎಂದು ಕೂಗಿದ. ಮೆಲ್ಬರ್ನ್‌ನ ಓಕ್ಲಿಯಲ್ಲಿ ಅವನ ಅಂಕಲ್‌ನ ಕೇಕ್ ಅಂಗಡಿ ಇದೆಯಂತೆ, ನಮಗೆ ಗೊತ್ತಿರಲೇಬೇಕಂತೆ. ನಮ್ಮ ಮನೆಯವರು “ಗೊತ್ತು, ಗೊತ್ತು” ಎಂದುಬಿಟ್ಟರು. ಆ ಸುಳ್ಳಿಗೆ ದಾರಿಯುದ್ದಕ್ಕೂ ಅಂಕಲ್‌ನ ಕಥೆ ಕೇಳಬೇಕಾಯಿತು.

ಹತ್ತರ ಹೊತ್ತಿಗೆ ತಲುಪಿದೆವು. ಯಾನಿಸ್ ಕೆಳಗೆ ಕಾಫಿ ಕುಡಿಯಲು ಉಳಿದ. ನಾವು ಟಿಕೆಟ್ ತೋರಿಸಿ ದಿನ್ನೆ ಏರಿದೆವು. ಮೂರು ಕಡೆ ನೀಲಿ ನೀರು, ತುದಿಯಲ್ಲಿ ಬಿಳಿ ಕಂಬಗಳು, ಮೇಲೆ ಬರೀ ಆಕಾಶ. ಒಳಗೆ ಹೋಗದ ಹಾಗೆ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಹತ್ತಿರ ಹೋಗುತ್ತಲೇ, ಯೋಚನೆಯನ್ನೇ ಮಾಡದೆ, ನಾನು ಚಪ್ಪಲಿ ಬಿಟ್ಟೆ. ಒಂದು ಚಪ್ಪಟೆ ಕಲ್ಲಿನ ಮೇಲೆ ಎರಡನ್ನೂ ಜೋಡಿಸಿಟ್ಟೆ.

“ಏನ್ ಮಾಡಾಕತ್ತೀ?” ಎಂದರು ಇವರು. “ಟಿಕೆಟ್ ತಗೊಂಡ್ ನೋಡೋ ಜಾಗಾ ಇದು. ಒಳಗ ದೇವರಿಲ್ಲ, ಮ್ಯಾಲ ಮಾಳಿಗಿ ಇಲ್ಲ.”

“ದೇವರಿಲ್ಲಂತ ನಿಮಗ ಯಾರ್ ಹೇಳ್ಯಾರ್ರಿ? ಗುಡಿ ಅಂತ ಬೋರ್ಡ್ ಹಾಕ್ಯಾರಲ್ಲ.”

“ಕಾಲ್ ಸುಟ್ಟ್ರ ನಾ ಎತಗೊಂಡ್ ಬರಂಗಿಲ್ಲ ನೋಡು.”

“ಮದುವ್ಯಾಗ ಎತ್ತಲಿಲ್ಲ, ಈಗೇನ್ ಎತ್ತತೀರಿ?”

ಅವರು ನಕ್ಕು, ಮಗಳಿಗೆ ತೋರಿಸಲು ಫೋಟೊ ತೆಗೆದುಕೊಂಡರು. ಆ ಫೋಟೊ ಈಗಲೂ ಇದೆ. ಬರಿಗಾಲಲ್ಲಿ ನಾನು, ಪಕ್ಕದ ಕಲ್ಲಿನ ಮೇಲೆ ಎರಡು ಚಪ್ಪಲಿ, ಒಂದಕ್ಕೊಂದು ತಾಗಿಕೊಂಡು. ಇದನ್ನು ಗಮನದಲ್ಲಿಡಿ.

ಹಗ್ಗದ ಹೊರಗಿಂದ ಒಂದು ಸುತ್ತು ಬಂದೆ. ಕಾಲಿಗೆ ಸಣ್ಣ ಕಲ್ಲಿನ ಹರಳು ಚುಚ್ಚುತ್ತಿದ್ದವು. ಹಿಂಬದಿಯಲ್ಲಿ ನಿಂತು ಸ್ವಲ್ಪ ಹೊತ್ತು ನೀರು ನೋಡಿದೆವು. ಶಾಲೆಯ ಮಕ್ಕಳ ಒಂದು ಗುಂಪು ನಾವು ಏರುವ ಮೊದಲೇ ಇಳಿದು ಹೋಗಿತ್ತು. ದುರ್ಬೀನು ಹಿಡಿದ ವಯಸ್ಸಾದ ಗಂಡಹೆಂಡತಿ ಇಬ್ಬರು ನಮ್ಮ ಪಕ್ಕದಲ್ಲೇ ಇದ್ದರು. ಕಾವಲಿನ ಹೆಂಗಸು ದೂರದ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದಳು. ಬೇರೆ ಯಾರೂ ಕಾಣಲಿಲ್ಲ. ಎಲ್ಲ ಸೇರಿ ಹದಿನೈದು ನಿಮಿಷ.

ವಾಪಸ್ ಬಂದು ನೋಡಿದರೆ ಕಲ್ಲಿನ ಮೇಲೆ ಎಡಗಾಲಿನ ಚಪ್ಪಲಿ ಒಂದೇ ಇತ್ತು.

“ಅರೆ, ಇಲ್ಲೂ ಚಪ್ಪಲ್ ಕಳ್ಳರದಾರ!” ಎಂದು ಇವರಿಗೆ ಖುಷಿಯೋ ಖುಷಿ. ಇಬ್ಬರೂ ಹುಡುಕಿದೆವು. ಹೆಸರಿಗೂ ಗಾಳಿ ಇರಲಿಲ್ಲ. ನಾಯಿ ಇರಲಿಲ್ಲ. ಕಾವಲಿನವಳನ್ನು ಕೇಳಿದರೆ ಅವಳು ನನ್ನ ಬರಿಗಾಲು ನೋಡಿ, ಬಿಸಿಲು ತಲೆಗೇರಿರಬೇಕು ಎನ್ನುವ ಹಾಗೆ ನೀರಿನ ಬಾಟಲಿ ಮುಂದೆ ಹಿಡಿದಳು. ಕಡೆಗೆ ನಾನೇ ಕಂಡೆ. ಸುಮಾರು ಇಪ್ಪತ್ತು ಹೆಜ್ಜೆ ಆಚೆ, ಮುರಿದು ಬಿದ್ದ ಒಂದು ಕಂಬದ ತುಂಡಿನ ಹಿಂದೆ, ಮುಳ್ಳುಗಿಡದ ಬುಡದಲ್ಲಿ ಬಲಗಾಲಿನ ಚಪ್ಪಲಿ ಇತ್ತು. ಎಸೆದ ಹಾಗಲ್ಲ. ಮೂತಿ ಕಲ್ಲಿನ ಕಡೆಗೆ, ಹಿಮ್ಮಡಿ ನನ್ನ ಕಡೆಗೆ. ಹಿಮ್ಮಡಿಯ ಮೇಲೆ ಒಂದು ಬಿಳಿಯ ದುಂಡು ಕಲ್ಲು. ಎಡಪಕ್ಕದಲ್ಲಿ ಇನ್ನೊಂದು ಚಪ್ಪಲಿ ಹಿಡಿಯುವಷ್ಟು ನೆಲ, ಕೈಯಿಂದ ಸವರಿದ ಹಾಗೆ, ಹರಳಿಲ್ಲದೆ ಖಾಲಿ ಇತ್ತು.

ನಾನು ಅಲ್ಲೇ ಕೂತುಬಿಟ್ಟೆ.

ನಾವು ಚಿಕ್ಕವರಿದ್ದಾಗ ಅವ್ವ ನಮ್ಮನ್ನು ಸವದತ್ತಿ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಹುಣ್ಣಿಮೆಯ ಗದ್ದಲದಲ್ಲಿ ಚಪ್ಪಲಿ ಉಳಿಯುವುದು ಕಷ್ಟ. ಜೋಡಿಯಾಗಿ ಬಿಟ್ಟರೆ ಕಳ್ಳನಿಗೆ ಸಲೀಸು, ಅದಕ್ಕೆ ಒಂದನ್ನು ಇಲ್ಲಿ, ಒಂದನ್ನು ಅಲ್ಲಿ ಬಿಡುವವರು ನಮ್ಮ ಕಡೆ ಬಹಳ. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ. ನನ್ನದೊಂದು, ವನಜಾಳದೊಂದು ಕೂಡಿಸಿ ಒಂದು ಮೂಲೆಯಲ್ಲಿ, ಉಳಿದೆರಡನ್ನು ಇನ್ನೊಂದು ಮೂಲೆಯಲ್ಲಿ ಇಡುತ್ತಿದ್ದಳು. ಮೂತಿ ಗೋಡೆಗೆ. ಹಿಮ್ಮಡಿಯ ಮೇಲೆ ಒಂದು ಹರಳು, ಕಾಲಿಗೆ ಸಿಕ್ಕು ಸರಿಯಬಾರದೆಂದು. “ಅಕ್ಕಾತಂಗಿ ಚಪ್ಪಲ್ ಜೋಡಿ ಇದ್ರ ಕಳ್ಳನೂ ಮುಟ್ಟಂಗಿಲ್ಲ” ಎನ್ನುತ್ತಿದ್ದಳು. ಈ ಹರಳಿನ ಸಂಗತಿ ನಾನು ಇವರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಿಯೇ ಇರಲಿಲ್ಲ. ಅದನ್ನು ಬಲ್ಲವರು ಮೂವರು. ಒಬ್ಬಳು ಹೋಗಿದ್ದಳು. ಒಬ್ಬಳು ನಾನು.

“ವನಜಾಗ ಫೋನ್ ಮಾಡಬೇಕು” ಎಂದೆ.

“ಎರಡ್ ವರ್ಷ ಆದ್ ಮ್ಯಾಲ, ಚಪ್ಪಲ್ ಸುದ್ದಿ ಹೇಳಾಕೇನು?” ಎಂದರು ಇವರು. ನನ್ನ ಮುಖ ನೋಡಿ ಫೋನ್ ತೆಗೆದು ಕೈಗೆ ಕೊಟ್ಟರು.

ಅಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ. ಸಿಡ್ನಿಯಲ್ಲಿ ಸಂಜೆ ಆರಕ್ಕೆ ಹತ್ತು ನಿಮಿಷ. ಎರಡನೇ ರಿಂಗ್‌ಗೇ ಎತ್ತಿದಳು.

“ಅಕ್ಕಾ? ಏನಾತು? ಮಾಮಾ ಆರಾಮ ಅದಾರಿಲ್ಲೋ?”

“ಎಲ್ಲಾ ಆರಾಮ. ವನಜಾ, ಒಂದ್ ಮಾತ್ ಹೇಳತೇನಿ, ನಗಬ್ಯಾಡ.” ನಾನು ಕಂಡದ್ದನ್ನು ಕಂಡಷ್ಟೇ ಹೇಳಿದೆ. ಅವ್ವನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯ ಇರಲಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: “ಆಚೆಕಡೆ ಸಿಕ್ಕಿದ್ದು ಯಾವ ಕಾಲಿಂದು?”

“ಬಲಗಾಲಿಂದು.”

“ನಿನ್ನ ಬಲಗಾಲಿಂದು, ನನ್ನ ಎಡಗಾಲಿಂದು. ದೂರದ ಮೂಲ್ಯಾಗ ಅವ್ವ ಇಡತಿದ್ದಿದ್ದು ಅದ ಜೋಡಿ. ತರಾಕ ನನ್ನ ಓಡಸ್ತಿದ್ಲಲ್ಲ, ನನಗ ಛಲೋ ನೆನಪೈತಿ.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಅಕ್ಕಾ, ನಾ ಶನಿವಾರದ ಭಜನಿ ಮುಗಿಸಿ ಹಾಲ್‌ನ ಹೊರಗ ನಿಂತೇನಿ. ಅರ್ಧಾ ತಾಸ್ ಆತು. ನನ್ನ ಎಡಗಾಲ್ ಚಪ್ಪಲ್ ಕಾಣವಲ್ದು. ಎಲ್ಲಾರೂ ಹುಡಕಿದ್ರು. ಒಂದ ಕಾಲಿಂದು ಯಾರ್ ಒಯ್ತಾರ ಹೇಳು?”

ನಾನು ಆ ಖಾಲಿ ಜಾಗ ನೋಡುತ್ತಾ ಕೂತೆ. ಅಲ್ಲಿ ಏನೂ ಬಂದು ಕೂರಲಿಲ್ಲ. ಅಂಥದ್ದೇನೂ ಆಗಲಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬಿಸಿಲು ಇತ್ತು, ನೀರು ಇತ್ತು, ಫೋನಿನಲ್ಲಿ ತಂಗಿಯ ಉಸಿರು ಇತ್ತು.

“ಮೆಲ್ಬರ್ನ್‌ಗೆ ಹೋಗೂಕಿಂತ ಮೊದಲ ನಿಮ್ಮಲ್ಲೆ ಬರ್ಲೇನು?” ಎಂದೆ. ಹಿರಿಯಳಾದ ನಾನೇ ಮೊದಲು ಕೇಳಿದೆ. ಕೇಳಿದ ಮೇಲೆ ಅದು ಅಷ್ಟೇನೂ ಕಷ್ಟದ್ದಾಗಿರಲಿಲ್ಲ ಎಂದು ತಿಳಿಯಿತು.

“ಕೇಳತಿಯಲ್ಲ, ಕೇಳಾಕ ನಾಚಿಕಿ ಬರೂದಿಲ್ಲ?” ಎಂದಳು. ಅಳುತ್ತಿದ್ದಳು.

ಮುಂದಿನ ವಾರ ಇವರು ಮೆಲ್ಬರ್ನ್‌ಗೆ ಹೋದರು, ನಾನು ಟಿಕೆಟ್ ಬದಲಿಸಿ ಸಿಡ್ನಿಗೆ ಇಳಿದೆ. ವನಜಾಳ ಮನೆಯ ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಅವಳ ಬಲಗಾಲಿನ ಚಪ್ಪಲಿ ಒಂದೇ ಇತ್ತು, ಎಸೆದಿರಲಿಲ್ಲ. ಎಡಗಾಲಿನದು ಆ ಹಾಲ್‌ನಲ್ಲಿ ಕಸ ಗುಡಿಸುವವರಿಗೂ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಆಮೇಲೆ ನಾನು ಎಲ್ಲ ರೀತಿಯಲ್ಲೂ ವಿಚಾರ ಮಾಡಿ ನೋಡಿದ್ದೇನೆ. ನಮಗೆ ಕಾಣದೆ ಯಾರೋ ಒಬ್ಬರು ಬಂದು ತಮಾಷೆಗೆ ಇಟ್ಟಿರಬಹುದು. ಇಟ್ಟರು ಅನ್ನೋಣ, ಹರಳು ಏಕೆ? ಸಿಡ್ನಿಯಲ್ಲಿ ಯಾರೋ ಅವಸರದಲ್ಲಿ ಒಂದನ್ನು ಮೆಟ್ಟಿಕೊಂಡು ಹೋಗಿರಬಹುದು. ಹೋದರು ಅನ್ನೋಣ, ತಮ್ಮದೊಂದನ್ನು ಬಿಟ್ಟು ಹೋಗಬೇಕಿತ್ತಲ್ಲ? ಬಿಡಿಬಿಡಿಯಾಗಿ ಎರಡಕ್ಕೂ ಏನಾದರೂ ಉತ್ತರ ಹೊಂದಿಸಬಲ್ಲೆ. ಒಂದೇ ಗಂಟೆಯಲ್ಲಿ ಎರಡೂ ಆದದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವ್ವ ಬಂದಿದ್ದಳು ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ ಎಂದು ಮಾತ್ರ ಹೇಳುತ್ತೇನೆ, ಮತ್ತು ಗೊತ್ತಿಲ್ಲ ಎನ್ನುವುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆ ಬಿಳಿ ಕಲ್ಲನ್ನು ಅಲ್ಲೇ ಬಿಟ್ಟು ಬಂದೆ. ಅದು ಅಲ್ಲಿಯದು.

ಸ್ಕೋಫೀಲ್ಡ್ಸ್‌ನ ಆ ಮೊದಲ ರಾತ್ರಿ ಅಡಿಗೆಮನೆಯಲ್ಲಿ ವನಜಾ ರೊಟ್ಟಿ ಬಡಿಯುತ್ತಾ, ಹಂಚಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: “ಅವ್ವ ಬಾಗಲಾ ನೋಡಕೋತ ಹ್ವಾದ್ಲು ಅಂದಿದ್ದೆನಲ್ಲ. ಹಂಗೇನೂ ಇರಲಿಲ್ಲ ಅಕ್ಕಾ. ಚಹಾ ಕುಡದು ಗ್ವಾಡಿ ಕಡೆ ಹೊಳ್ಳಿ ಮಲಕೊಂಡ್ಲು, ನಿದ್ದ್ಯಾಗ ಹ್ವಾದ್ಲು. ನಾ ಸಿಟ್ಟಿಲೆ ಅಂದೆ. ಒಬ್ಬಾಕಿನ ಇದ್ದೆನಲ್ಲ.”

ನಾನು ಕೈ ಚಾಚಿ, ಹೊತ್ತುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದೆ.

ಅವತ್ತು ಏನು ಊಟ ಮಾಡಿದಿರಿ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಜೋಳದ ರೊಟ್ಟಿ, ಎಣಗಾಯಿ ಬದನೆಕಾಯಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ನಾನು ಮೂರು ರೊಟ್ಟಿ ತಿಂದೆ, ಅವಳು ಎರಡು. ಅವ್ವ ಮಲಗುತ್ತಿದ್ದ ಕೋಣೆಯಲ್ಲಿ ಇಬ್ಬರಿಗೂ ಹಾಸಿದಳು. ಮೊದಲು ನಿದ್ದೆ ಹೋದವಳು ನಾನೇ. ನನಗೆ ಗೊತ್ತಿರಲಿಲ್ಲ, ಬೆಳಿಗ್ಗೆ ಚಹಾ ಕೊಡುತ್ತಾ ಅವಳೇ ಹೇಳಿದಳು: “ನಾ ಇನ್ನೂ ಮಾತಾಡಾಕತ್ತಿದ್ದೆ, ನೀ ಗೊರಕಿ ಚಾಲೂ ಮಾಡಿದಿ.”