ಸರ್ ಕುರ್ಚಿ ಬಿಟ್ಟ ಮೇಲೆ

ಮೊನ್ನೆ ಹಡಗಲಿ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಫೋನಿನ ಗಾಜು ಬದಲಿಸಲು ಕೊಟ್ಟು ಕುಳಿತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ರಾಳ ಸುಡುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹಿಂದೆ ಯಾರೋ ಬಂದು ನಿಂತು ನನ್ನ ಕೆಲಸ ನೋಡುತ್ತಿದ್ದಾರೆ ಎನ್ನಿಸಿತು... ಯಾರೂ ಇರಲಿಲ್ಲ. ನಮ್ಮ ಸರ್ ತೀರಿಕೊಂಡು ಆಗಲೇ ವರ್ಷ ದಾಟಿದೆ.

ಅವರು ಕೊಟ್ಟೂರಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದವರು. ಹೊಲದ ಪಂಪನ್ನು ಮನೆಯಲ್ಲಿ ಕುಳಿತು ಫೋನಿನಿಂದಲೇ ಚಾಲೂ ಮಾಡುವ, ಬೋರಿನಲ್ಲಿ ನೀರು ನಿಂತರೆ ತಾನೇ ಬಂದ್ ಮಾಡುವ ಪೆಟ್ಟಿಗೆಯೊಂದನ್ನು ಆ ಅಂಗಡಿಯಲ್ಲೇ ತಯಾರಿಸಿದರು. ಅದು ನಡೆಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಶೆಡ್ ಹಾಕಿದರು, ಕಂಪನಿ ಎಂದು ಬೋರ್ಡು ತೂಗಿತು, ಆಂಧ್ರದ ಕಡೆಯಿಂದಲೂ ಬೇಡಿಕೆ ಬರತೊಡಗಿತು. ನಾನು ಮಾಗಳದವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ತಯಾರಾದ ಪೆಟ್ಟಿಗೆಗಳನ್ನು ಪರೀಕ್ಷಿಸುವ ಕೆಲಸಕ್ಕೆ ಅಲ್ಲಿ ಸೇರಿದೆ.

ಸರ್ ಕೈಕೆಳಗೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಪರೀಕ್ಷೆ ಮುಗಿದ ಪೆಟ್ಟಿಗೆಯನ್ನು ಎತ್ತಿ ಎದೆಮಟ್ಟದಿಂದ ನೆಲಕ್ಕೆ ಬಿಡುತ್ತಿದ್ದರು. ಒಡೆದರೆ ನಮ್ಮ ಗ್ರಹಚಾರ. ಒಮ್ಮೆ ಕೂಡ್ಲಿಗಿ ಕಡೆ ಒಬ್ಬ ರೈತನ ಪಂಪು ಕೈಕೊಟ್ಟಾಗ, ಅದನ್ನು ಮಾಡಿದ್ದ ಇಂಜಿನಿಯರನನ್ನು ಕರೆದೊಯ್ದು ಹೊಲದ ಬದುವಿನ ಮೇಲೆ ಇಳಿಸಂಜೆಯವರೆಗೆ ನಿಲ್ಲಿಸಿದ್ದರು. ನೀರಿಗೆ ಕಾಯುವುದು ಹೇಗಿರುತ್ತದೆ ಎಂದು ಅವನಿಗೆ ತಿಳಿಯಬೇಕಂತೆ. ಅವನು ಮರುದಿನ ಕೆಲಸಕ್ಕೆ ಬರಲಿಲ್ಲ. ನನ್ನ ನಿಶ್ಚಿತಾರ್ಥದ ದಿನವೂ ಸರ್ ಫೋನು ಬಂತು. ರೇಷ್ಮೆ ಸೀರೆ ಉಟ್ಟು ಹಿತ್ತಲಲ್ಲಿ ನಿಂತು, ಪೆಟ್ಟಿಗೆಯೊಳಗಿನ ರಿಲೇ ಸ್ವಿಚ್ಚು ಯಾಕೆ ಅಂಟಿಕೊಳ್ಳುತ್ತದೆ ಎಂದು ವಿವರಿಸುತ್ತಿದ್ದೆ. ಒಳಗೆ ಗಂಡಿನ ಕಡೆಯವರು ತಾಂಬೂಲ ಹಿಡಿದು ಕಾಯುತ್ತಿದ್ದರು. ಅವರನ್ನು ಕಾಯಿಸಿದ್ದಕ್ಕೆ ಒಂದು ಮಾತು ಹೇಳಲು ಸರ್‌ಗೆ ತೋಚಲಿಲ್ಲ, ನನಗೆ ಶುಭ ಕೋರಲೂ ಇಲ್ಲ. ಆದರೂ ನಾನು ಬಿಡಲಿಲ್ಲ. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ... ಅವರು ಹೇಳಿದಂತೆ ಮಾಡಿದ ಪೆಟ್ಟಿಗೆ ಕೆಡುತ್ತಿರಲಿಲ್ಲ, ಅಷ್ಟೇ.

ಸರ್‌ಗೆ ವಯಸ್ಸಾಯಿತು. ಕಂಪನಿಗೆ ಬಂಡವಾಳ ಹಾಕಿದವರು ಬೆಂಗಳೂರಿನಿಂದ ಬಂದು, ನಿಮ್ಮ ನಂತರ ಯಾರು ಎಂದು ಕೇಳತೊಡಗಿದರು. ಮಾರಾಟ ನೋಡಿಕೊಳ್ಳುತ್ತಿದ್ದ ಸರ್ ಅವರ ಅಣ್ಣನ ಮಗನೇ ಎಂದು ನಾವೆಲ್ಲ ತಿಳಿದಿದ್ದೆವು, ಅವನೂ ತಿಳಿದಿದ್ದ. ಬಂಡವಾಳದವರೊಡನೆ ನಡೆದ ಸಭೆಗೆ ನನ್ನನ್ನು ಕರೆದದ್ದು ಪರೀಕ್ಷೆಯ ವರದಿ ಓದಲಿಕ್ಕೆ. ಓದಿ ಎದ್ದು ಹೊರಟವಳನ್ನು ಸರ್ ತಡೆದರು.

“ನಾಳಿಯಿಂದ ಈ ಕಂಪನಿ ನಡಸಾಕಿ ಇಕಿನ,” ಎಂದರು ಬಂದವರಿಗೆ. ನನ್ನ ಕಡೆ ನೋಡಲೂ ಇಲ್ಲ, ಒಪ್ಪಿಗೆಯೇ ಎಂದು ಕೇಳಲೂ ಇಲ್ಲ. ಅಣ್ಣನ ಮಗ ಅದೇ ತಿಂಗಳು ದಾವಣಗೆರೆಗೆ ಹೋಗಿ ಬೇರೆ ವ್ಯಾಪಾರ ಹಿಡಿದ. ಹೋಗುವಾಗ ನನ್ನೊಡನೆ ಮಾತಾಡಲಿಲ್ಲ.

ಸಭೆಯ ಮರುದಿನ ಬೆಳಿಗ್ಗೆ ಅವರ ಕೋಣೆಗೆ ಹೋದರೆ, ಸರ್ ತಮ್ಮ ಕುರ್ಚಿಯಲ್ಲೇ ಕುಳಿತಿದ್ದರು. ಎದುರಿಗೆ ಬಂದವರು ಕೂರುವ ಕುರ್ಚಿ ತೋರಿಸಿ “ಬಾರವ್ವಾ, ಕುಂದ್ರು” ಎಂದರು. ಕುಳಿತೆ. ಹಾಗೆ ಕುಳಿತವಳು ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲೇ ಕುಳಿತೆ. ಕಾಗದಕ್ಕೆ ಸಹಿ ನನ್ನದು, ಮಾತು ಅವರದು. ಎಲ್ಲರಿಗೂ ಅದು ರೂಢಿಯಾಗಿತ್ತು, ನನಗೂ.

ರೂಢಿ ಮುರಿಯಬೇಕಾಗಿ ಬಂದದ್ದು ಹೊಸ ಪೆಟ್ಟಿಗೆಯಿಂದ. ನಮ್ಮ ಹಳೆಯ ಪೆಟ್ಟಿಗೆ ನಡೆಯುತ್ತಿದ್ದದ್ದು ಹಳೆಯ ಕಾಲದ ಮೊಬೈಲ್ ಸಿಗ್ನಲ್ಲಿನ ಮೇಲೆ. ಆ ಸಿಗ್ನಲ್ಲು ಒಂದೊಂದೇ ಊರಿನಲ್ಲಿ ಕಡಿಮೆಯಾಗುತ್ತಿತ್ತು. ಇವತ್ತಲ್ಲ ನಾಳೆ ಎಲ್ಲ ಪೆಟ್ಟಿಗೆಗಳೂ ಮೂಕವಾಗುತ್ತವೆ ಎಂದು ನನಗೆ ದಿಗಿಲು. ಹೊಸ ವಿನ್ಯಾಸ ಮಾಡಿಸಿದೆ. ಒಳಗಿನ ಸರ್ಕ್ಯೂಟ್ ಬೋರ್ಡುಗಳನ್ನು ಹೊರಗೆ ಯಂತ್ರದಲ್ಲಿ ಮಾಡಿಸಿ ತರಿಸುವುದು, ಕಬ್ಬಿಣದ ಬದಲು ಪ್ಲಾಸ್ಟಿಕ್ಕಿನ ಡಬ್ಬಿ ಹಾಕುವುದು ಎಂದು ತೀರ್ಮಾನಿಸಿದೆ. ಅಲ್ಲಿಯವರೆಗೆ ಶೆಡ್ಡಿನಲ್ಲಿ ಕೈಯಿಂದ ಬೆಸುಗೆ ಹಾಕುತ್ತಿದ್ದ ಹೆಂಗಸರಿಗೆ ಪ್ಯಾಕಿಂಗಿನಲ್ಲಿ, ಪರೀಕ್ಷೆಯಲ್ಲಿ ಕೆಲಸ ಕೊಟ್ಟು, ಬೆಸುಗೆಯ ಮೇಜುಗಳನ್ನು ತೆಗೆಸಿದೆ.

ಮರುದಿನ ಬಂದು ನೋಡಿದರೆ ಮೇಜುಗಳು ಮೊದಲಿದ್ದ ಜಾಗದಲ್ಲೇ ಇದ್ದವು. ಸರ್ ಬೆಳಗಾಗುವುದರೊಳಗೆ ಬಂದು ಮತ್ತೆ ಹಾಕಿಸಿದ್ದರು. ಹೆಂಗಸರು ಅತ್ತ ಕೂರಲಾರದೆ, ಇತ್ತ ನಿಲ್ಲಲಾರದೆ ಗೋಡೆಗೆ ಒತ್ತಿ ನಿಂತಿದ್ದರು. ಹೊಸ ವಿನ್ಯಾಸ ಮಾಡಿದ್ದ ಇಂಜಿನಿಯರ್ ರಾಜೀನಾಮೆ ಹಿಡಿದು ನನ್ನ ಮುಂದೆ ಬಂದ. “ಮೇಡಂ, ನಾ ಯಾರ ಮಾತು ಕೇಳ್ಬೇಕ್ರಿ? ಅದೊಂದು ಹೇಳ್ರಿ ಸಾಕು,” ಎಂದ.

ಅಂದು ಮಧ್ಯಾಹ್ನವೇ ಕೊಟ್ಟೂರಿಗೆ, ಸರ್ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕನ್ನಡಕ ಒರೆಸುತ್ತ ಕುಳಿತಿದ್ದರು. ಅಮ್ಮಾವ್ರು, ಅಂದರೆ ಅವರ ಹೆಂಡತಿ, ನೀರು ತಂದಿಟ್ಟು ನನ್ನ ಮುಖ ನೋಡಿ ಅಲ್ಲೇ ನಿಂತರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

“ಸರ್, ನೀವು ಇನ್ ಮ್ಯಾಲೆ ಆಫೀಸಿಗೆ ಬರಬ್ಯಾಡ್ರಿ,” ಎಂದುಬಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. “ಕಂಪನಿ ನಂದವ್ವಾ.”

“ನಿಮ್ದೇ ರೀ. ನಡಸು ಅಂದೋರೂ ನೀವ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಹೆಂಡತಿಯ ಕಡೆ ತಿರುಗಿ “ಇಕಿಗೆ ಊಟಕ್ಕ ಹಾಕು, ಬಿಸಿಲಾಗ ಬಂದಾಳ,” ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟೆ. ಅಮ್ಮಾವ್ರು ಎದುರಿಗೆ ಕುಳಿತು ಪಲ್ಯ ಬಡಿಸುತ್ತಲೇ ಇದ್ದರು.

ಸರ್ ಮತ್ತೆ ಆಫೀಸಿಗೆ ಬರಲಿಲ್ಲ. ಒಂದೇ ಒಂದು ಸಲ ಟೆಂಪೊ ಕಳಿಸಿ, ಗೋದಾಮಿನಲ್ಲಿ ಉಳಿದಿದ್ದ ಹಳೆಯ ಕಬ್ಬಿಣದ ಪೆಟ್ಟಿಗೆಗಳನ್ನೆಲ್ಲ ಮನೆಗೆ ತರಿಸಿಕೊಂಡರು. ನಾನು ಬೇಡವೆನ್ನಲಿಲ್ಲ. ಮರುವರ್ಷದ ಆಯುಧಪೂಜೆಗೆ ಕರೆಯಲು ಹೋದಾಗ ಅವರು ಮನೆಯಲ್ಲಿರಲಿಲ್ಲ. ದಿನಾ ಬುತ್ತಿ ಕಟ್ಟಿಸಿಕೊಂಡು ಗಾಡಿ ಹತ್ತಿ ಹೋಗುತ್ತಾರೆ, ಎಲ್ಲಿಗೆ ಎಂದು ಹೇಳುವುದಿಲ್ಲ ಎಂದರು ಅಮ್ಮಾವ್ರು.

ಇತ್ತ ಹೊಸ ಡಬ್ಬಿಯ ಮೊದಲ ಬೇಸಿಗೆ ನನ್ನನ್ನು ಹಣ್ಣು ಮಾಡಿತು. ಬಿಸಿಲಿಗೆ ಒಳಗಿನ ಬೋರ್ಡು ಕಾದು ಕೆಲಸ ನಿಲ್ಲಿಸುತ್ತಿತ್ತು. ಎಲ್ಲ ಕಡೆಯಿಂದ ದೂರು. ಆದರೆ ಹಡಗಲಿ, ಹರಪನಹಳ್ಳಿ ಕಡೆಯ ದೂರುಗಳು ಮಾತ್ರ ಬಹಳ ಬೇಗ ನಿಂತುಹೋದವು. ಅಲ್ಲಿಯ ಡಬ್ಬಿಗಳಿಗೆ ನಾವು ಮಾಡಿದ ದುರಸ್ತಿ ಹಿಡಿದಿದೆ ಎಂದು ನಂಬಿದೆ. ಬಂಡವಾಳದವರ ಮುಂದೆ ಅದನ್ನೇ ಎದೆಯುಬ್ಬಿಸಿ ಹೇಳಿದೆ. ಮುಂದಿನ ವರ್ಷದ ಡಬ್ಬಿ ನಿಜವಾಗಿಯೂ ಗಟ್ಟಿಯಾಗಿ ಬಂತು. ಅದನ್ನು ಸರ್‌ಗೆ ತೋರಿಸಬೇಕೆಂದು ತೆಗೆದಿಟ್ಟಿದ್ದೆ... ಅಷ್ಟರಲ್ಲಿ ಅವರು ಹೃದಯ ನಿಂತು ಹೋಗಿಬಿಟ್ಟರು. ಅವರ ಮಣ್ಣಿಗೆ ಹೋದಾಗ, ನನ್ನ ವಿಷಯ ಅವರ ಬಾಯಲ್ಲಿ ಎಂದಾದರೂ ಬಂದಿತ್ತೇ ಎಂದು ಅಮ್ಮಾವ್ರನ್ನು ಕೇಳಬೇಕೆನಿಸಿತು. ಅವರ ಸುತ್ತ ಜನವಿತ್ತು. ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಹರಪನಹಳ್ಳಿ ಕಡೆಯ ಒಂದು ಹಳ್ಳಿಯಿಂದ ಆಫೀಸಿಗೆ ಫೋನು ಬಂತು. ಪಂಪು ಚಾಲೂ ಆಗುತ್ತಿಲ್ಲ, ನಿಮ್ಮ ಮುದುಕ ಮೆಕ್ಯಾನಿಕ್ ಫೋನೂ ಎತ್ತುತ್ತಿಲ್ಲ ಎಂದು ರೈತ ದೂರಿದ. ನಮ್ಮಲ್ಲಿ ಮುದುಕ ಮೆಕ್ಯಾನಿಕ್ ಯಾರೂ ಇಲ್ಲ. ಏನೋ ಅನುಮಾನ ಬಂದು, ಹುಡುಗರನ್ನು ಕಳಿಸದೆ ನಾನೇ ಹೊಸ ಡಬ್ಬಿ ತೆಗೆದುಕೊಂಡು ಹೋದೆ.

ದಾಳಿಂಬೆ ತೋಟದ ಮೂಲೆಯ ಪಂಪಿನ ಮನೆಯಲ್ಲಿ, ಗೋಡೆಗೆ ನಮ್ಮ ಹಳೆಯ ಕಬ್ಬಿಣದ ಪೆಟ್ಟಿಗೆ ಇತ್ತು. ನಾವು ಅಲ್ಲಿಗೆ ಮಾರಿದ್ದ ಪ್ಲಾಸ್ಟಿಕ್ ಡಬ್ಬಿ ಅದರ ಕೆಳಗೆ ಮೂಲೆಯಲ್ಲಿ ಬಿದ್ದಿತ್ತು. ಇದನ್ನು ಯಾರು ಹಾಕಿದ್ದು ಎಂದೆ.

ರೈತ ಹೇಳುತ್ತ ಹೋದ. ಹಳೆಯ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ, ಸರ್ ಸ್ವಂತ ಫೋನಿನ ನಂಬರು ಅವನ ಬಳಿ ಮೊದಲಿನಿಂದಲೂ ಇತ್ತಂತೆ. ಹೊಸದು ಕೆಟ್ಟಾಗ ಅದಕ್ಕೇ ಫೋನು ಮಾಡಿದನಂತೆ. ಮರುದಿನವೇ ಒಬ್ಬ ಅಜ್ಜ ಗಾಡಿಯ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದು ಬದಲಿಸಿಕೊಟ್ಟು, ಮಜ್ಜಿಗೆ ಕುಡಿದು, ದುಡ್ಡು ಮುಟ್ಟದೆ ಹೋದನಂತೆ. ಈ ಊರಲ್ಲಷ್ಟೇ ಅಲ್ಲ, ಸುತ್ತಲ ಊರುಗಳಿಗೂ ಹಾಗೇ ಬರುತ್ತಿದ್ದನಂತೆ.

ನಾನು ಪಂಪಿನ ಮನೆಯ ಕಟ್ಟೆಯ ಮೇಲೆ ಕುಳಿತುಕೊಂಡೆ. ಆ ಕಡೆಯ ದೂರುಗಳು ಯಾಕೆ ನಿಂತಿದ್ದವು ಎಂಬುದು ಆಗ ತಿಳಿಯಿತು. ಸಿಟ್ಟು ಬಂತು. ಕೊನೆಯವರೆಗೂ ನನ್ನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ ಎಂದು. ಸಿಟ್ಟಿನ ಹಿಂದೆಯೇ ಬೇರೇನೋ ಬಂತು... ಅದಕ್ಕೆ ಹೆಸರಿಡಲು ಆಗಲಿಲ್ಲ.

“ಹೊಸ ಡಬ್ಬಿ ಬಗ್ಗೆ ಏನಾರ ಅಂದ್ರೇನ್ರಿ ಅವರು?” ಎಂದು ಕೇಳಿದೆ.

ರೈತ ನೆನಪು ಮಾಡಿಕೊಂಡ. “ಇದನ್ನ ಮಾಡಿದಾಕಿ ಶಾಣ್ಯಾ ಅದಾಳ, ಸರಿ ಮಾಡ್ತಾಳ, ಅಲ್ಲೀ ತನ ಇದು ನಡೀಲಿ ಅಂದ್ರು ನೋಡ್ರಿ. ನನ್ನ ಮಾತು ಮಾತ್ರ ಕೇಳಂಗಿಲ್ಲ ಅಂತಾನೂ ಅಂದ್ರು.” ಆಮೇಲೆ ಕೇಳಿದ, “ಯಾಕ್ರೀ ಮೇಡಮ್ಮಾರ, ಅವರನ್ನ ಕೆಲಸದಿಂದ ತಗದೀರೇನು?”

ಅವರು ಯಾರೆಂದು ಹೇಳಿದೆ. ತೀರಿಕೊಂಡದ್ದನ್ನೂ ಹೇಳಿದೆ. ರೈತ ತಲೆಯ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಲ್ಲಿ ಹಳೆಯ ಸಿಗ್ನಲ್ಲು ಪೂರ್ತಿ ಹೋಗಿತ್ತು. ಪೆಟ್ಟಿಗೆಯಲ್ಲಿ ಬೇರೆ ಯಾವ ದೋಷವೂ ಇರಲಿಲ್ಲ. ನಾನೇ ಕೈಯಾರೆ ಬಿಚ್ಚಿ, ಹೊಸದನ್ನು ಕೂರಿಸಿದೆ. ಪಂಪು ಚಾಲೂ ಆಯಿತು.

ಇಂಥವು ಇನ್ನೂ ಎಷ್ಟು ಊರುಗಳಲ್ಲಿವೆಯೋ ಗೊತ್ತಿಲ್ಲ. ಸಿಗ್ನಲ್ಲು ಹೋದಂತೆ ಒಂದೊಂದಾಗಿ ನಿಲ್ಲುತ್ತಿವೆ. ಹೊಳಲಿನಿಂದ ಬಂತು ಒಂದು ಫೋನು, ಹರಪನಹಳ್ಳಿ ಕಡೆಯಿಂದ ಇನ್ನೊಂದು. ಡಬ್ಬಿ ಬದಲಿಸಲು ನಮ್ಮ ಹುಡುಗರು ಸಾಕು. ಆದರೂ ನಾನೇ ಹೋಗುತ್ತೇನೆ. ಪ್ರತಿಯೊಂದು ಹೊಲದಲ್ಲೂ ಯಾರೋ ಒಬ್ಬರು ಆ ಅಜ್ಜ ಯಾವಾಗ ಬರುತ್ತಾನೆ ಎಂದು ಕೇಳುತ್ತಾರೆ, ನಾನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.