ಪೂರಾ ಚೆಲ್ಲಬಾರದ ನೀರು

ನನ್ನ ನಾದಿನಿಯ ಎಡಗೈ ಹಿಡಿದರೆ ಒಳಗೆ ಜೇನುಹುಳು ಸಿಕ್ಕಿಹಾಕಿಕೊಂಡ ಹಾಗೆ ಗುಂಯ್‌ಗುಟ್ಟುತ್ತಿತ್ತು. ಮೊಣಕೈ ಕೆಳಗೆ ನರ ಹುರಿಹಗ್ಗದಂತೆ ಉಬ್ಬಿತ್ತು. ಅವಳ ಎರಡು ಕಿಡ್ನಿಯೂ ಕೆಟ್ಟಿದ್ದವು. ಡಯಾಲಿಸಿಸ್ ಸೂಜಿ ಚುಚ್ಚುವುದಕ್ಕೆಂದು ಡಾಕ್ಟರು ಅಲ್ಲಿ ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಆ ಗುಂಯ್ ಇರುವ ತನಕ ಸೂಜಿ ಹಾಕಬಹುದು, ನಿಂತರೆ ಕಷ್ಟ. ಬೆಳಗ್ಗೆ ಎದ್ದವಳೇ ಆ ಕೈಯನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದಳು. "ಅದೆ ಕನತ್ಗೆ, ಇವತ್ಗೂ ಅದೆ" ಅಂದ ಮೇಲೆಯೇ ಮುಖ ತೊಳೆಯುತ್ತಿದ್ದದ್ದು.

ಆ ಕೈಯಲ್ಲಿ ಭಾರ ಎತ್ತಬಾರದು ಅಂತ ಡಾಕ್ಟರ ಕಟ್ಟಪ್ಪಣೆ. ಇಂಥವಳು ಸಾಕಿದ್ದು ಮೀನು. ಅದೂ ಬಾಟಲಿಯಲ್ಲಲ್ಲ, ಮಂಚದಷ್ಟು ಉದ್ದದ ಗಾಜಿನ ತೊಟ್ಟಿಯಲ್ಲಿ.

ಅವಳನ್ನು ಕೊಟ್ಟಿದ್ದು ತಿ. ನರಸೀಪುರಕ್ಕೆ. ಮನೆಯ ಮುಂದಿನ ಕೋಣೆಯಲ್ಲೇ ಗಂಡನ ಬಟ್ಟೆ ಅಂಗಡಿ. ಸೀರೆ ಆರಿಸುವ ಹೆಂಗಸರ ಮಕ್ಕಳು ರಚ್ಚೆ ಹಿಡಿಯದಿರಲಿ ಅಂತ ಆತ ಆ ತೊಟ್ಟಿ ತಂದಿಟ್ಟಿದ್ದ. ಆತ ತೀರಿಕೊಂಡ ದಿನ ಬಂಧುಗಳು ಪದ್ಧತಿಯಂತೆ ಮನೆಯ ನೀರನ್ನೆಲ್ಲ ಚೆಲ್ಲಿದರು. ಸಾವಾದ ಮನೆಯಲ್ಲಿ ಹಿಡಿದಿಟ್ಟ ನೀರು ಇರಬಾರದು. ಹಂಡೆ, ಕೊಡ, ಬಕೆಟ್ಟು ಎಲ್ಲ ಬಗ್ಗಿಸಿ, ತೊಳೆದು, ಹೊಸದಾಗಿ ತುಂಬಬೇಕು. ಅದೇ ಹುರುಪಿನಲ್ಲಿ ತೊಟ್ಟಿಯನ್ನೂ ಬರಿದು ಮಾಡಿ ಆಗ ಬಿಟ್ಟ ನಲ್ಲಿ ನೀರು ತುಂಬಿದರು. ಬ್ಲೀಚಿಂಗ್ ಪೌಡರ್ ನಾರುವ ನೀರು. ಸಂಜೆಯೊಳಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಸದಾ ಗಾಜಿಗೆ ಬಾಯಿ ಕಚ್ಚಿಕೊಂಡಿರುತ್ತದಲ್ಲ, ಅಂಥ ಒಂದು ಕಪ್ಪು ಮೀನು ಮಾತ್ರ ಉಳಿಯಿತು.

ಮಕ್ಕಳಿಲ್ಲದವಳು. ಅಂಗಡಿ ಮುಚ್ಚಿ, ನಂಜನಗೂಡಿನಲ್ಲಿದ್ದ ನಮ್ಮ ಮನೆಗೆ ಗೂಡ್ಸ್ ಆಟೋದಲ್ಲಿ ಬಂದಳು. ಒಂದು ಟ್ರಂಕು, ಖಾಲಿ ತೊಟ್ಟಿ, ತೊಡೆಯ ಮೇಲೆ ಕಪ್ಪು ಮೀನಿದ್ದ ಬಿಂದಿಗೆ.

"ಅಮ್ಮಿ, ನಮ್ದು ಇಬೂತಿ ಇಕ್ಕೋ ಮನೆ ಕನ. ಈ ಮನೆ ಒಳಕ್ಕೆ ಮೀನಾ?" ಅಂದೆ.

"ತಿನ್ನಕ್ಕಲ್ವಲ್ಲ ಅತ್ಗೆ" ಅಂದಳು.

ನಮ್ಮ ಯಜಮಾನರು ತಂಗಿಯ ಮುಖ ನೋಡಿ ತೊಟ್ಟಿಗೆ ಕೈ ಹಾಕಿದರು. ತೊಟ್ಟಿ ಹಜಾರದ ಕಿಟಕಿ ಪಕ್ಕ ಕೂತಿತು. ಆಮೇಲೆ ಕೆಂಪು ಮೀನುಗಳೂ ಬಂದವು. ಎದುರುಮನೆಯವಳು ಬಾಗಿಲಲ್ಲಿ ನಿಂತು "ಏನಕ್ಕ, ಸಾರು ಯಾವತ್ತು?" ಅಂತ ಕೆಣಕಿದರೆ ನಾದಿನಿ ಬಿಡುವವಳೇ? "ನೀ ಮಸಾಲೆ ಅರ್ದಿಟ್ಟಿರವ್ವ, ಯೋಳ್ಕಳಿಸ್ತೀನಿ."

ಮೀನಿನ ನೀರನ್ನು ವಾರ ವಾರ ಸ್ವಲ್ಪ ತೆಗೆದು ಸ್ವಲ್ಪ ಹಾಕಬೇಕು. ಪೂರ್ತಿ ತೆಗೆಯುವಂತಿಲ್ಲ, ಕಾಲು ಭಾಗ ಅಷ್ಟೇ. ನಲ್ಲಿ ನೀರನ್ನು ಹಿಂದಿನ ದಿನವೇ ಹಿಡಿದು ಬಾಯಿ ತೆರೆದಿಡಬೇಕು, ಪೌಡರಿನ ಘಾಟು ಹೋಗಬೇಕು. ಕಿಡ್ನಿ ಕೆಡುವ ತನಕ ಇದೆಲ್ಲ ಅವಳ ಪಾಡು, ನಾನು ತಲೆ ಹಾಕಿರಲಿಲ್ಲ. ಕೈಗೆ ಹೊಲಿಗೆ ಬಿದ್ದ ಮೇಲೆ ಬಕೆಟ್ಟು ನನ್ನ ಕೊರಳಿಗೆ ಬಿತ್ತು. ಮೊದಲೇ ಮಂಡಿ ನೋವಿನವಳು. ಮುಗ್ಗರಿಸಿ, ಹಜಾರವೆಲ್ಲ ನೀರು ಮಾಡಿ, ಮೀನಿನ ಕುಲಕ್ಕೇ ಶಾಪ ಹಾಕುತ್ತಿದ್ದೆ.

"ಯಾರ್‌ಗಾರ ಕೊಟ್ಟುಬುಡು ಅಮ್ಮಿ. ನಿನ್ ಆಸ್ಪತ್ರೆ ನೋಡನಾ, ಇದ್ರ ಚಾಕ್ರಿ ನೋಡನಾ?"

 ನಾನು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಅವಳು ತಾನೇ ಬಕೆಟ್ಟು ಎತ್ತಿದ್ದಾಳೆ, ಅದೇ ಕೈಯಲ್ಲಿ. ನಾನು ಬಂದಾಗ ಕೈಯನ್ನು ಕಿವಿಗೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದಳು. "ಕೇಳ್ತಾ ಇಲ್ಲ ಅತ್ಗೆ. ನೀವ್ ನೋಡಿ." ನಾನೂ ಕಿವಿಗೊಟ್ಟೆ. ಇತ್ತು, ಆದರೆ ಎಲ್ಲೋ ದೂರದಲ್ಲಿ. ಡಾಕ್ಟರು ಇಬ್ಬರನ್ನೂ ನಿಲ್ಲಿಸಿಕೊಂಡು ಬೈದರು. ಪುಣ್ಯಕ್ಕೆ ಗುಂಯ್ ತಿರುಗಿ ಬಂತು. ಅವತ್ತಿನಿಂದ ತೊಟ್ಟಿ ಕೊಟ್ಟುಬಿಡು ಅನ್ನುವ ಮಾತನ್ನು ನಾನು ಆಡಲಿಲ್ಲ. ಇವಳು ಮೀನಿಗೋಸ್ಕರ ಪ್ರಾಣ ಬಿಡುವ ಜಾತಿ ಅಂತ ತಿಳಿದುಹೋಯಿತು.

ಪೈಪು ಹಾಕಿ ಎಳೆಯಿರಿ ಅಂತ ಯಜಮಾನರು ಹೇಳಿದರು. ಪೈಪಿನ ಒಂದು ತುದಿ ತೊಟ್ಟಿಯಲ್ಲಿಟ್ಟು, ಇನ್ನೊಂದನ್ನು ಬಾಯಲ್ಲಿ ಹೀರಿ ಕೆಳಗೆ ಬಿಟ್ಟರೆ ನೀರು ತಾನೇ ಇಳಿಯುತ್ತದೆ. ಹೀರುವವರು ಯಾರು?

"ಮೀನ್ ಉಚ್ಚೆ ನನ್ ಬಾಯ್ಗಾ? ಸತ್ರೂ ಆಗಲ್ಲ" ಅಂದೆ.

"ನಾನಂತೂ ಈರಲ್ಲ ಕನಣ್ಣ" ಅಂದಳು ನಾದಿನಿ. "ಬಾಯ್ಗೆ ನೀರ್ ಬಂದ್ರೆ ಉಗಿಯೋ ಪೈಕಿ ಅಲ್ಲ ನಾನು. ನುಂಗ್ಬುಡ್ತೀನಿ."

ನಗಬಾರದ ಮಾತು, ಆದರೂ ಮೂವರೂ ನಕ್ಕೆವು. ಕಿಡ್ನಿ ಕೆಟ್ಟವರಿಗೆ ನೀರು ಅಳೆದು ಕೊಡುವುದು. ಒಂದು ಪುಟ್ಟ ಲೋಟ ಇಟ್ಟುಕೊಂಡು, ತುಟಿ ಒದ್ದೆ ಮಾಡಿಕೊಂಡು ದಿನ ದೂಡುತ್ತಿದ್ದಳು. ಬೇಸಿಗೆಯಲ್ಲಿ ನಾಲಿಗೆ ಅಂಟಿದಾಗ ತೊಟ್ಟಿಯ ಮುಂದೆ ಹೋಗಿ ಕೂರುವಳು. "ಅವಾರ ಒಟ್ಟೆ ತುಂಬ ಕುಡ್ಕಳ್ಳಿ ಬುಡು."

ಉಪಾಯ ಹೊಳೆದಿದ್ದು ಅವಳಿಗೇ, ಅದೂ ಡಯಾಲಿಸಿಸ್ ಮುಗಿಸಿ ಬಂದು ಸುಸ್ತಾಗಿ ಮಲಗಿದ್ದಾಗ.

"ಅತ್ಗೆ, ಅಲ್ಲಿ ಸಿಸ್ಟರು ಪೈಪ್‌ನ ಸುಮ್ಸುಮ್ನೆ ನಂಗೆ ಸಿಗಿಸಲ್ಲ. ಮೊದ್ಲು ಅದ್ರೊಳಗೆ ಸಲೈನ್ ಬುಟ್ಟು ಗಾಳಿಯೆಲ್ಲ ಓಡಿಸ್ತಾರೆ. ಆಮೇಲೇ ನನ್ ಕೈಗೆ. ನಮ್ ಪೈಪ್‌ಗೂ ಮೊದ್ಲೇ ನೀರ್ ತುಂಬಿದ್ರೆ ಯಾರ್ ಯಾಕ್ ಈರ್ಬೇಕು?"

ಯಜಮಾನರು ಪ್ಲಾಸ್ಟಿಕ್ ಡ್ರಮ್ಮಿಗೆ ನಲ್ಲಿ ಕೂರಿಸಿ, ಕಿಟಕಿಗಿಂತ ಮೇಲಿರುವಂತೆ ಹೊರಗಿನ ಮೆಟ್ಟಿಲ ಮೇಲೆ ಇಡಿಸಿದರು. ಹಿಂದಿನ ದಿನವೇ ಅದಕ್ಕೆ ನೀರು ಬಿಡುವುದು. ಡ್ರಮ್ಮಿನ ನಲ್ಲಿಗೆ ಪೈಪು ಸಿಕ್ಕಿಸಿ, ಅದರ ತುದಿಯನ್ನು ಕಿಟಕಿಯಿಂದ ತೊಟ್ಟಿಯೊಳಗೆ ಮುಳುಗಿಸಿ ನಲ್ಲಿ ತಿರುಗಿಸಿದರೆ ಪೈಪಿನ ಗಾಳಿ ಬುಳುಬುಳು ಅಂತ ಹೋಗುತ್ತದೆ. ಗುಳ್ಳೆ ನಿಂತ ಕೂಡಲೇ ನಲ್ಲಿ ಮುಚ್ಚಿ, ಮೇಲಿನ ತುದಿಯನ್ನು ಮಡಚಿ ಹಿಡಿದು ಬಿಚ್ಚಿ, ಕೆಳಗೆ ಬಾಳೆಗಿಡದ ಬುಡಕ್ಕೆ ತಂದು ಬಿಟ್ಟರೆ ಆಯಿತು. ತೊಟ್ಟಿಯ ನೀರು ಅದೇ ದಾರಿಯಲ್ಲಿ ಇಳಿದು ಬರುತ್ತದೆ. ಕಾಲು ಭಾಗ ಇಳಿದ ಮೇಲೆ ಪೈಪನ್ನು ಮತ್ತೆ ಡ್ರಮ್ಮಿಗೆ ಸಿಕ್ಕಿಸಿದರೆ ಹೊಸ ನೀರು ಒಳಗೆ. ಬಕೆಟ್ಟಿಲ್ಲ, ಬಾಯಿಲ್ಲ. ನಾನು ಹೊರಗೆ ಪೈಪು ಹಿಡಿಯುವುದು, ಅವಳು ಒಳಗೆ ಕೂತು "ಸಾಕು ಕನತ್ಗೆ, ನಿಲ್ಸಿ" ಅನ್ನುವುದು. ಆ ವರ್ಷ ಬಾಳೆಗೊನೆ ನನ್ನ ಸೊಂಟದಷ್ಟು ದಪ್ಪ ಬಂತು.

ಒಂದು ದಿನ ಹೀಗೇ ನೀರು ಬಿಡುವಾಗ ಕಿಟಕಿಯಿಂದ ಅಂದಳು: "ನಾನ್ ಓದ್ ದಿನ ನೀರ್ ಚೆಲ್ತೀರಲ್ಲ, ಇದೊಂದ್ನ ಚೆಲ್ಬೇಡಿ. ಆ ಕಪ್ಪುದು ಒಂದ್ ಸಲ ತಡ್ಕೊಂಡದೆ. ಇನ್ನೊಂದ್ ಸಲ ತಡ್ಕಳಲ್ಲ."

"ಸಾಯೋ ಮಾತ್ಯಾಕೆ, ಬಾಯ್ಮುಚ್ಚು" ಅಂದೆ.

"ಮುಚ್ತೀನಿ. ಊಂ ಅನ್ನಿ ಮೊದ್ಲು."

"ಊಂ, ಊಂ" ಅಂದೆ, ಬಾಯಿ ಮುಚ್ಚಿಸುವುದಕ್ಕೆ.

ಇಲ್ಲಿ ನನ್ನ ವಿಷಯ ಒಂದು ಹೇಳಬೇಕು. ಸಾವಿನ ಮನೆಯಲ್ಲಿ ಮೊದಲು ಹಂಡೆ ಬಗ್ಗಿಸುವವಳು ನಾನೇ. ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಾದರೂ ಸರಿ, ಸೆರಗು ಸಿಕ್ಕಿಸಿಕೊಂಡು ನೀರುಮನೆಗೆ ನುಗ್ಗುತ್ತಿದ್ದೆ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಇವತ್ತಿಗೂ ಇಲ್ಲ.

ಬೇಸಿಗೆ ಕಳೆಯುವ ಮೊದಲೇ ಅವಳು ಹೋದಳು. ಡಯಾಲಿಸಿಸ್‌ನಿಂದ ಬಂದು ಚಳಿ ಅಂದಳು, ಕಂಬಳಿ ಹೊದಿಸಿದೆ, ಕಾಫಿ ಕಾಯಿಸಿ ತರುವಷ್ಟರಲ್ಲಿ ಮುಗಿದಿತ್ತು. ಅವಳ ಎಡಗೈ ಎತ್ತಿ ನನ್ನ ಕಿವಿಗಿಟ್ಟುಕೊಂಡೆ. ಏನೂ ಇರಲಿಲ್ಲ.

ಮಣ್ಣಿಗೆ ಎತ್ತಿಕೊಂಡು ಹೋದ ಮೇಲೆ ಹೆಂಗಸರು ಮನೆ ತೊಳೆಯಲು ನಿಂತರು. ಹುಲ್ಲಹಳ್ಳಿಯಿಂದ ಬಂದಿದ್ದ ನನ್ನ ವಾರಗಿತ್ತಿ ಮುಂದಾಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಹಂಡೆ ಬಗ್ಗಿತು, ಕೊಡ ಬಗ್ಗಿತು, ಮೆಟ್ಟಿಲ ಮೇಲಿನ ಡ್ರಮ್ಮೂ ಖಾಲಿಯಾಯಿತು. ಕೊನೆಗೆ ಬಕೆಟ್ಟು, ಚೊಂಬು ಹಿಡಿದು ಹಜಾರಕ್ಕೆ ಬಂದಳು.

ನಾನು ತೊಟ್ಟಿಗೆ ಅಡ್ಡ ನಿಂತೆ. "ಇದೊಂದು ಬೇಡ ಕನ ಅಕ್ಕ."

"ಯಾಕ್ ಬೇಡ? ಸತ್ತ ಮನೇಲಿ ಅಳೆ ನೀರು ಮಡಿಕಂಡಾರಾ? ಊರ್ ಮನೆ ನೀರೆಲ್ಲ ಚೆಲ್ಲಿದೋಳು ನೀನು. ನಿನ್ ಮನೇದಕ್ಕೆ ಬೇರೆ ಸಾಸ್ತ್ರವಾ?"

ಸರಿಯಾದ ಮಾತೇ. ಎಲ್ಲರೂ ಪೊರಕೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಆ ಕಪ್ಪು ಮೀನು ಗಾಜಿಗೆ ಬಾಯಿ ಕಚ್ಚಿಕೊಂಡು ಹಾಗೇ ಇತ್ತು.

"ಅವ್ಳು ಸತ್ತಿರೋದು ನಮ್ ಮನೇಲಿ. ಮೀನಿನ್ ಮನೇಲಲ್ಲ" ಅಂದೆ.

ವಾರಗಿತ್ತಿ ಚೊಂಬನ್ನು ಠಣ್ಣನೆ ನೆಲಕ್ಕೆ ಕುಕ್ಕಿ ಹೊರಗೆ ಹೋದಳು. ತಿಥಿ ದಿನ ಬಂದು ನಮ್ಮ ಮನೆಯಲ್ಲಿ ನೀರು ಮುಟ್ಟದೆ ಎದ್ದು ಹೋದಳು. ಈಗಲೂ ಅಷ್ಟಕ್ಕಷ್ಟೇ.

ಕೆಂಪು ಮೀನುಗಳು ಒಂದೊಂದಾಗಿ ಸತ್ತವು, ವಯಸ್ಸಾಗಿತ್ತೋ ಏನೋ. ನಾನು ಹೊಸದು ತರಲಿಲ್ಲ. ಅಷ್ಟು ದೊಡ್ಡ ತೊಟ್ಟಿಯಲ್ಲಿ ಈಗ ಆ ಕಪ್ಪು ಮೀನು ಒಂದೇ. ನೋಡಲು ಚೆಂದವಿಲ್ಲ, ಕರೆದರೆ ಬರುವುದಿಲ್ಲ. ಆದರೂ ವಾರ ವಾರ ಡ್ರಮ್ಮು ತುಂಬಿಸಿ ಪೈಪು ಇಳಿಸುತ್ತೇನೆ. ಸಾಕು ಅನ್ನುವವರು ಒಳಗೆ ಇಲ್ಲ, ನಾನೇ ಕಿಟಕಿಯಲ್ಲಿ ಇಣುಕಿ ನೋಡಬೇಕು.

ಬಾಳೆಯ ಬುಡದಲ್ಲಿ ಕೂತು ಪೈಪಿನ ಮಡಿಕೆ ಬಿಡಿಸಿದಾಗ ನೀರು ನುಗ್ಗಿ, ಪೈಪು ಅಂಗೈಯೊಳಗೆ ಗುಂಯ್ ಅನ್ನುತ್ತದೆ. ಕೆಲಸ ಬೇಗ ಮುಗಿಯಲಿ ಅಂತ ಅವಳು ಕಂಡುಹಿಡಿದದ್ದು ಇದು. ನಾನು ಪೈಪನ್ನು ಅಲ್ಲಿ ಬಿಟ್ಟು ಬೇರೆ ಕೆಲಸ ನೋಡಬಹುದು. ನೋಡುವುದಿಲ್ಲ. ಕಾಲು ಭಾಗ ಇಳಿಯುವ ತನಕ ಹಿಡಿದುಕೊಂಡೇ ಕೂತಿರುತ್ತೇನೆ.